ಲಿಂಟಲ್‌ಗೆ ನಿಂತ ಮನೆಗೆ ಯಾರು ಉತ್ತರ ಹೇಳಬೇಕು?

ಗೌಂಡಿ ಕೆಲಸದವನಿಗೆ ಲಿಂಟಲ್ ಅಂದರೆ ಅರ್ಧ ದಾರಿ. ಗೋಡೆ ಬಾಗಿಲೆತ್ತರ ಬಂದು, ಸಜ್ಜಾ ಕೂತು, ಇನ್ನು ನಾಲ್ಕೈದು ವರಸೆ ಏರಿದರೆ ಸೆಂಟ್ರಿಂಗ್‌ನವರನ್ನು ಕರೆಯಬಹುದು. ಕೊಟ್ಟೂರಿನಲ್ಲಿದ್ದುಕೊಂಡು ಇಪ್ಪತ್ತೇಳು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲೂ ಕಟ್ಟಿದ್ದೇನೆ. ಹೆಚ್ಚಿನವು ಸರ್ಕಾರದ ಮನೆಗಳೇ: ಆಶ್ರಯ, ಇಂದಿರಾ ಆವಾಸ್, ಬಸವ ವಸತಿ, ಅಂಬೇಡ್ಕರ್ ನಿವಾಸ, ಈಗ ಪ್ರಧಾನಮಂತ್ರಿ ಆವಾಸ್. 2025ರ ಈ ಕಾರ್ತಿಕದ ಹೊತ್ತಿಗೆ ನಾನು ಪಾಯ ತೆಗೆದು ಲಿಂಟಲ್‌ಗೆ ನಿಂತುಹೋದ ಮನೆಗಳು ಹನ್ನೊಂದು. ಒಂದರೊಳಗೆ ಜಾಲಿ ಬೆಳೆದು ಕಿಟಕಿಯಿಂದ ಹೊರಗೆ ಇಣುಕುತ್ತಿದೆ.

ಯಾಕೆ ನಿಂತವು ಅನ್ನುವುದಕ್ಕೆ ಮೊದಲ ಕಾರಣ ಲೆಕ್ಕದಲ್ಲೇ ಇದೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಬಂದಾಗ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ಎಂದು ಗೊತ್ತು ಮಾಡಿದರು. 2024ರಲ್ಲಿ ಯೋಜನೆಯನ್ನು 2029ರವರೆಗೆ ಮುಂದುವರಿಸಿ ಇನ್ನೂ 2 ಕೋಟಿ ಮನೆ ಎಂದಾಗಲೂ ಅದೇ 1.20 ಲಕ್ಷ. ನರೇಗಾದ 90 ದಿನದ ಕೂಲಿ, ಶೌಚಾಲಯದ 12 ಸಾವಿರ ಕೂಡಿಸಿದರೂ ಒಂದೂಮುಕ್ಕಾಲು ಲಕ್ಷ ಮುಟ್ಟುವುದಿಲ್ಲ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು ಅನ್ನುತ್ತದೆ ನಿಯಮ. ನಮ್ಮ ಮಾತಿನಲ್ಲಿ ಎರಡೂಮುಕ್ಕಾಲು ಚದರ. ಅಷ್ಟು ಮನೆಗೆ ಆರ್‌ಸಿಸಿ ಹಾಕಿ, ಬಾಗಿಲು ಕಿಟಕಿ ಕೂರಿಸಿ, ಗಿಲಾವು ಮಾಡಿ ಕೊಡಲು ನನ್ನ ಕೈಯಲ್ಲಿ ನಾಲ್ಕು ಲಕ್ಷಕ್ಕೆ ಕಮ್ಮಿ ಆಗುವುದಿಲ್ಲ. ಉಳಿದದ್ದು ಕುರಿ ಮಾರಿದ ದುಡ್ಡು, ಸಂಘದ ಸಾಲ, ಕೊನೆಗೆ ಕೊರಳಿನದು.

ನೆಲವೂ ಎಲ್ಲ ಕಡೆ ಒಂದೇ ಥರ ಇಲ್ಲ. ಕೂಡ್ಲಿಗಿ ಕಡೆಯ ಮಸಾರಿಯಲ್ಲಿ ಎರಡಡಿ ಅಗೆದರೆ ಗರಸು ಸಿಗುತ್ತದೆ, ಪಾಯ ಗಟ್ಟಿ ಕೂರುತ್ತದೆ. ಹಡಗಲಿಯಲ್ಲಿ ಹೊಳೆಸಾಲಿನ ಎರೆ ಬೇಸಿಗೆಗೆ ಬಾಯಿ ಬಿಟ್ಟು ಮಳೆಗೆ ಉಬ್ಬುತ್ತದೆ. ಅಲ್ಲಿ ಐದಡಿ ತೆಗೆದು, ಗರಸು ತುಂಬಿ, ನೀರು ಬಿಟ್ಟು ದಮ್ಮಸು ಮಾಡದೆ ಕಟ್ಟಿದರೆ ಮೂರನೇ ವರ್ಷಕ್ಕೆ ಮೂಲೆ ಸೀಳುತ್ತದೆ. ಪಾಯದ ಬಿಲ್ಲು ಮಾತ್ರ ಎರಡೂ ಕಡೆ ಒಂದೇ. ಎರೆ ನೆಲದವನು ಮೊದಲ ಕಂತನ್ನೂ, ಸಾಲ ಮಾಡಿದ್ದರಲ್ಲಿ ಅರ್ಧವನ್ನೂ ಮಣ್ಣಿನೊಳಗೆ ಇಟ್ಟು ಮೇಲಕ್ಕೆ ಬರುತ್ತಾನೆ. ಈ ಮಾತನ್ನು ಹಣ ಗೊತ್ತು ಮಾಡುವವರ ಕಿವಿಗೆ ಹಾಕಬೇಕಾದವರು ಆ ಊರಿನಿಂದ ಆರಿಸಿ ಹೋದವರು. ಅವರೇ ಇಲ್ಲ ಎಂಬುದೇ ನನ್ನ ದೂರು.

ಒಬ್ಬ ತಾಯಿಯ ಮನೆಯ ವಿಷಯ ಹೇಳುತ್ತೇನೆ. ಇದೇ ಸೀಮೆಯ ಒಂದು ತಾಂಡಾ. ಗಂಡ ತೀರಿದ್ದಾನೆ, ಇಬ್ಬರು ಮಕ್ಕಳು. ಪಾಯ, ಲಿಂಟಲ್, ಛಾವಣಿ, ಪೂರ್ಣ ಅಂತ ನಾಲ್ಕು ಹಂತ. ಒಂದೊಂದು ಹಂತ ಮುಗಿದಾಗ ಪಂಚಾಯ್ತಿಯವರು ಬಂದು ಮೊಬೈಲಿನಲ್ಲಿ ಫೋಟೊ ತೆಗೆದರೆ ಹಣ ಖಾತೆಗೆ ಬೀಳಬೇಕು. ನಮ್ಮ ಕಡೆ ಇದಕ್ಕೆ 'ಜಿಪಿಎಸ್ ಮಾಡೋದು' ಅನ್ನುತ್ತಾರೆ. ಆಕೆಯ ಲಿಂಟಲ್‌ನ ಜಿಪಿಎಸ್ ಆಷಾಢದಲ್ಲೇ ಆಯಿತು. ಹಣ ಬರಲಿಲ್ಲ. "ಮೇಸ್ತ್ರಿ ಅಣ್ಣಾ, ನೀನು ಬಾ, ನಾ ಕೇಳಿದ್ರ ಹೇಳೋದಿಲ್ಲ" ಅಂದಳು. ಎರಡು ದಿನದ ಕೆಲಸ ಬಿಟ್ಟು ಜೊತೆಗೆ ಹೋದೆ. ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು. ಅಲ್ಲಿ ಒಬ್ಬರು ಕಂಪ್ಯೂಟರ್ ನೋಡಿ, "ಇಲ್ಲಿಂದ ಎಲ್ಲಾ ಕ್ಲಿಯರ್ ಐತಿ, ಬೆಂಗಳೂರಿಂದ ಬರ್ಬೇಕು" ಅಂದರು. ಬಿರುಸಾಗಿ ಏನೂ ಅನ್ನಲಿಲ್ಲ, ಪಾಪ, ಅವರಿಗೂ ಅಷ್ಟೇ ಗೊತ್ತು. ಬೆಂಗಳೂರಿನಲ್ಲಿ ಯಾರನ್ನು ಕೇಳಬೇಕು ಎಂದಾಗ ಅವರು ತಲೆ ತಗ್ಗಿಸಿ ಮುಂದಿನವರನ್ನು ಕರೆದರು.

ಹಿಂದೆ ಇಂಥ ಹೊತ್ತಿನಲ್ಲಿ ಹೋಗಿ ನಿಲ್ಲಲು ಒಂದು ಬಾಗಿಲಿತ್ತು. 1987ರಲ್ಲಿ ನಾನು ಮೂರನೇ ಇಯತ್ತೆ. ಅಬ್ದುಲ್ ನಜೀರ್ ಸಾಬರು ತಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಆ ವರ್ಷವೇ ಮೊದಲ ಚುನಾವಣೆ. ಗೆದ್ದವರು ನಮ್ಮೂರ ಗುಡಿ ಕಟ್ಟೆಗೆ ಬಂದು ಕೂತಾಗ ನಮ್ಮ ಅಪ್ಪ ಎದ್ದು ನಿಂತು ಬೋರ್‌ವೆಲ್ ಯಾಕೆ ಕೆಟ್ಟಿದೆ ಅಂತ ಕೇಳಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಆದರೂ ಯಾರನ್ನು ಕೇಳಬೇಕು ಎಂಬುದು ಗೊತ್ತಿತ್ತು.

ಈಗ ನೋಡಿ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ ಕರ್ನಾಟಕದಲ್ಲಿ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ 2021ಕ್ಕೆ ಮುಗಿಯಿತು. ಐದು ವರ್ಷ ತುಂಬುವುದರೊಳಗೆ ಹೊಸ ಚುನಾವಣೆ ಆಗಬೇಕೆಂದು ಸಂವಿಧಾನವೇ ಹೇಳುತ್ತದೆ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎನ್ನುತ್ತ ಒಂದು ಸರ್ಕಾರ ಹೋಗಿ ಇನ್ನೊಂದು ಬಂತು, ಎರಡೂ ಮಾಡಲಿಲ್ಲ. ರಾಜ್ಯಕ್ಕೆಲ್ಲ ಇದೊಂದು ಖಾಲಿ ಬಿದ್ದ ಕುರ್ಚಿ. ನಮಗೆ ಮಾತ್ರ ಯಾರೂ ಒಮ್ಮೆಯೂ ಕೂತಿರದ ಕುರ್ಚಿ. ವಿಜಯನಗರ ಜಿಲ್ಲೆ ಹುಟ್ಟಿದ್ದೇ 2021ರಲ್ಲಿ. ಆದ್ದರಿಂದ ನಮ್ಮ ಜಿಲ್ಲಾ ಪಂಚಾಯ್ತಿಗೆ ಜನ ಆರಿಸಿದ ಒಬ್ಬ ಸದಸ್ಯನೂ ಇದುವರೆಗೆ ಕಾಲಿಟ್ಟಿಲ್ಲ. ಕೂಡ್ಲಿಗಿಯಿಂದ ಬೇರೆಯಾದ ಕೊಟ್ಟೂರು 2018ರ ಹೊತ್ತಿಗೆ ತಾಲ್ಲೂಕಾಯಿತು. ಅದರ ತಾಲ್ಲೂಕು ಪಂಚಾಯ್ತಿಗೂ ಚುನಾವಣೆ ಎಂಬುದೇ ಆಗಿಲ್ಲ. ಆರು ತಾಲ್ಲೂಕಿಗೆ ಐದು ವಿಧಾನಸಭಾ ಕ್ಷೇತ್ರ. ಕೊಟ್ಟೂರಿಗೆ ಹಿಂದೆ ಇದ್ದ ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಹೋಯಿತು. ಹರಪನಹಳ್ಳಿಯವರ ಪಾಡು ಇನ್ನೊಂದು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 371ಜೆ ಸೌಲಭ್ಯಕ್ಕಾಗಿ ಹೋರಾಡಿ 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಅವರು ಕೊನೆಯ ಸಲ ಜಿಲ್ಲಾ ಪಂಚಾಯ್ತಿಗೆ ವೋಟು ಹಾಕಿದ್ದು ದಾವಣಗೆರೆಗೆ.

ಇದು ಬರೀ ಕುರ್ಚಿಯ ಮಾತಲ್ಲ. ಊರೂರಿನ ಬೇಡಿಕೆ ಕೂಡಿಸಿ ಜಿಲ್ಲೆಗೊಂದು ಯೋಜನೆ ಮಾಡಲು ಜಿಲ್ಲಾ ಯೋಜನಾ ಸಮಿತಿ ಇರಬೇಕು, ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯ್ತಿ ಮತ್ತು ಪಟ್ಟಣಗಳ ಚುನಾಯಿತರಿಂದಲೇ ಬರಬೇಕು ಎಂದಿದೆ ಸಂವಿಧಾನದಲ್ಲಿ. ಹಳ್ಳಿಯ ಪಾಲಿನವರು ಎಲ್ಲಿಂದ ಬರಬೇಕು? ಎರೆ ನೆಲಕ್ಕೆ ಪಾಯದ ಹಣ ಹೆಚ್ಚಿಸಿ ಅಂತ ಆ ಸಭೆಯಲ್ಲಿ ಹೇಳುವ ಬಾಯಿ ಯಾವುದು? ಶಾಸಕರಿದ್ದಾರಲ್ಲ ಅನ್ನಬಹುದು. ಶಾಸಕರ ಮನೆ ಮುಂದೆ ನಿಲ್ಲಲು ಆ ತಾಯಿ ಒಂದು ದಿನದ ಕೂಲಿ ಬಿಡಬೇಕು. 2025ರ ಜೂನ್‌ನಲ್ಲಿ ಆಳಂದದ ಶಾಸಕ ಬಿ.ಆರ್. ಪಾಟೀಲರು, ಆಡಳಿತ ಪಕ್ಷದವರೇ, ದುಡ್ಡು ಕೊಟ್ಟವರಿಗೆ ಮನೆ ಸಿಗುತ್ತಿದೆ ಎಂದು ಆರೋಪಿಸಿದರು. ನಿಜ ಸುಳ್ಳು ತನಿಖೆ ಹೇಳಲಿ. ಆದರೆ ಪಂಚಾಯ್ತಿಯ ಮನೆ ಪಟ್ಟಿಯ ಪ್ರಶ್ನೆ ಎತ್ತಲು ಒಬ್ಬ ಶಾಸಕರು ಬೇಕಾಯಿತು, ಅದೂ ಅವರ ಫೋನ್ ಮಾತು ಹೊರಬಿದ್ದಿದ್ದರಿಂದ ನಮಗೆ ತಿಳಿಯಿತು. ಪ್ರತಿ ತಾಲ್ಲೂಕು ಪಂಚಾಯ್ತಿಯ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಅದು.

ಸರ್ಕಾರ ಏನೂ ಮಾಡಿಲ್ಲ ಅನ್ನುವವನು ನಾನಲ್ಲ. 2025ರ ಮೇ 20ರಂದು ಹೊಸಪೇಟೆಯಲ್ಲಿ 1,11,111 ಹಕ್ಕುಪತ್ರ ಕೊಟ್ಟ ಕಾರ್ಯಕ್ರಮ ನೆನಪಿರಬೇಕು. ದಾಖಲೆಯೇ ಇಲ್ಲದಿದ್ದ ತಾಂಡಾ, ಹಟ್ಟಿಗಳ ಜನರಿಗೆ ನೆಲ ಅವರ ಹೆಸರಿಗಾಯಿತು. ತಲೆಮಾರುಗಳಿಂದ ಕಾದದ್ದು. ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಪಟದ ಹಿಂದೆ ಇಟ್ಟುಕೊಂಡವರನ್ನು ನೋಡಿದ್ದೇನೆ, ನನಗೂ ಸಂತೋಷವಾಗಿದೆ. ಆ ನೆಲದ ಮೇಲೆ ಗೋಡೆ ಏಳುವ ಹೊತ್ತಿಗಾದರೂ ಕೇಳುವವರು ಇರಲಿ ಎಂಬುದು ನನ್ನ ಆಸೆ.

ಮೊದಲು ಚುನಾವಣೆ ಮಾಡಿ. ಅಲ್ಲಿಯವರೆಗೆ ಮಾಡಬಹುದಾದದ್ದೂ ಇದೆ, ಅದಕ್ಕೆ ದುಡ್ಡು ಖರ್ಚಿಲ್ಲ: ಪಂಚಾಯ್ತಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆಯಿರಿ. ಯಾರಿಗೆ ಮನೆ ಬಂತು, ಯಾವ ದಿನ ಜಿಪಿಎಸ್ ಆಯಿತು, ಯಾವ ದಿನ ಹಣ ಬಿತ್ತು, ಬೀಳದಿದ್ದರೆ ಯಾವ ಅಧಿಕಾರಿಯ ಬಳಿ ನಿಂತಿದೆ. ಬರೆಯಲು ಗೋಡೆ ಬೇಕಾದರೆ ಸುಣ್ಣ ಹೊಡೆದು ನಾನೇ ಸಿದ್ಧ ಮಾಡಿ ಕೊಡುತ್ತೇನೆ, ಕೂಲಿ ಬೇಡ.

ಆ ತಾಯಿ ದೀಪಾವಳಿ ಮುಗಿಸಿ ಮಕ್ಕಳನ್ನು ಕರೆದುಕೊಂಡು ಚಿಕ್ಕಮಗಳೂರಿನ ಕಡೆ ಕಾಫಿ ಕೊಯ್ಲಿಗೆ ಗುಳೆ ಹೋದಳು. ಹೊರಡುವ ಮುಂಚೆ ಲಿಂಟಲ್ ಕೆಳಗೆ, ಬಾಗಿಲು ಬರಬೇಕಾದ ಜಾಗದ ಪಕ್ಕದ ಗೋಡೆಯ ಮೇಲೆ, ಮಗನ ಕೈಯಲ್ಲಿ ಇದ್ದಿಲಿನಿಂದ ಫೋನ್ ನಂಬರು ಬರೆಸಿದ್ದಾಳೆ. ಸಾಹೇಬರು ಬಂದರೆ ಕಾಣಲಿ ಅಂತ. ಮಳೆ ಬಿದ್ದರೆ ಅಳಿಸಿಹೋಗುತ್ತದೆ ಎಂದು ಮೊನ್ನೆ ಆ ಕಡೆ ಹೋದಾಗ ನಾನು ಅದರ ಮೇಲೆ ಮೊಳೆಯಿಂದ ಗೀರಿ ಬಂದಿದ್ದೇನೆ.