ಹೆಸರು ಅಳಿದರೂ ಅಂಕೆ ಅಳಿಯದು

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿ ‘ಖಾತೆ’ ಎಂದೊಡನೆ ನೆನಪಾಗುವುದು ಜಮೀನಿನ ಪಹಣಿ. ಒಂದೇ ಹೆಸರಿನವರು ಊರಿನಲ್ಲಿ ನಾಲ್ವರಿದ್ದರೂ ಖಾತೆಯ ನಂಬರು ಬೇರೆ ಬೇರೆಯಾದುದರಿಂದ ಅವರವರ ಹೊಲ ಅವರವರಿಗೇ ಉಳಿಯುವುದು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ‘ಲಿನಕ್ಸ್’ ವ್ಯವಸ್ಥೆಯ ಗಣಕಯಂತ್ರವೂ ಇದೇ ಕ್ರಮವನ್ನು ಅನುಸರಿಸುತ್ತದೆ. ಅಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಹೆಸರು, ಒಂದು ಅಂಕೆ. ಹೆಸರು ಮನುಷ್ಯರ ಅನುಕೂಲಕ್ಕೆ. ಯಂತ್ರವು ನಂಬುವುದು ಅಂಕೆಯನ್ನು. ಸೊನ್ನೆಯ ಅಂಕೆ ಪಡೆದ ‘ರೂಟ್’ ಸರ್ವಾಧಿಕಾರಿ. ಸಾಮಾನ್ಯರ ಅಂಕೆ ಸಾಧಾರಣವಾಗಿ 1000ದಿಂದ ಮೊದಲಾಗುವುದು.

ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದಂತೆ ಕೇರಳದ ಸರಕಾರಿ ಶಾಲೆಗಳಲ್ಲಿ ಲಿನಕ್ಸ್ ಬಳಕೆಯಲ್ಲಿದೆ. ಅಂಥ ಒಂದು ಶಾಲೆಯನ್ನು ಊಹಿಸಿಕೊಳ್ಳಿ. ಯಂತ್ರದ ಹೊಣೆ ಹೊತ್ತವರು ‘ಯೂಸರ್‌ಆಡ್’ ಎಂದು ಬರೆದು, ಮುಂದೆ ಹೊಸ ಉಪಾಧ್ಯಾಯರ ಹೆಸರು ಸೇರಿಸಿದರೆ ಖಾತೆ ತೆರೆಯಿತು. ‘ಗ್ರೂಪ್‌ಆಡ್’ ಎಂದರೆ ಗುಂಪು ಹುಟ್ಟಿತು. ಅಂಕಪಟ್ಟಿಯ ಅಧಿಕಾರವನ್ನು ಉಪಾಧ್ಯಾಯರ ಗುಂಪಿಗಷ್ಟೇ ಕೊಟ್ಟರೆ ವಿದ್ಯಾರ್ಥಿಗಳ ಕೈ ಅಲ್ಲಿಗೆ ತಲುಪದು. ಗುಂಪಿಗೆ ಸೇರಿಸುವ ಆಜ್ಞೆ ‘ಯೂಸರ್‌ಮಾಡ್ -ಎಜಿ’. ಇದರಲ್ಲಿ ‘ಎ’ ಎಂಬ ಒಂದಕ್ಷರ ಬಿಟ್ಟುಹೋದರೆ, ಆ ಉಪಾಧ್ಯಾಯರು ಮೊದಲೇ ಸೇರಿದ್ದ ಇತರ ಹೆಚ್ಚುವರಿ ಗುಂಪುಗಳಿಂದೆಲ್ಲ ಹೊರಬೀಳುವರು.

ಆದರೆ ಹೆಚ್ಚಿನ ಅಪಾಯವಿರುವುದು ಖಾತೆಯನ್ನು ತೆರೆಯುವಲ್ಲಿ ಅಲ್ಲ, ಮುಚ್ಚುವಲ್ಲಿ. ಕೊನೆಯದಾಗಿ ಸೇರಿ 1007ರ ಅಂಕೆ ಪಡೆದ ಉಪಾಧ್ಯಾಯರಿಗೆ ವರ್ಗವಾಯಿತೆನ್ನಿ. ‘ಯೂಸರ್‌ಡೆಲ್’ ಎಂದೊಡನೆ ಅವರ ಹೆಸರು ಅಳಿಯಿತು. ಅವರು ಬರೆದಿಟ್ಟ ಕಡತಗಳು ಮಾತ್ರ 1007ರ ಸೊತ್ತಾಗಿ ಅಲ್ಲಿಯೇ ಉಳಿದವು. ಮರುವಾರ ಮತ್ತೊಬ್ಬರು ಬಂದರು. ಯಂತ್ರವು ಇದ್ದವರ ಅಂಕೆಗಳಲ್ಲಿ ದೊಡ್ಡದಕ್ಕೆ ಒಂದನ್ನು ಕೂಡಿಸಿ, ಅವರಿಗೂ 1007ನ್ನೇ ಕೊಟ್ಟಿತು. ಹಳಬರ ಖಾಸಗಿ ಪತ್ರಗಳೂ ಪ್ರಶ್ನಪತ್ರಿಕೆಗಳೂ ಆ ಕ್ಷಣವೇ ಹೊಸಬರ ಪಾಲಾದವು! ನಾಳೆ ಅವುಗಳಲ್ಲಿ ತಪ್ಪು ಕಂಡುಬಂದರೆ, ಕಡತದ ಒಡೆಯರು ಹೊಸಬರೇ ಎಂದು ಯಂತ್ರವು ಸಾಕ್ಷಿ ನುಡಿಯುವುದು. ಮಾಡದವರ ತಲೆಯ ಮೇಲೆ ಅಪವಾದ ಬರುವುದು.

ಆದುದರಿಂದ ಹೊರಟವರ ಖಾತೆಯನ್ನು ಅವಸರದಿಂದ ಅಳಿಸಬಾರದು. ಮೊದಲು ಅದರ ಅವಧಿಯನ್ನು ಮುಗಿಸಿ ಬಾಗಿಲು ಮುಚ್ಚತಕ್ಕದ್ದು. ಬಳಿಕ ‘ಫೈಂಡ್’ ಆಜ್ಞೆಯಿಂದ ಆ ಅಂಕೆಯ ಕಡತಗಳನ್ನೆಲ್ಲ ಹುಡುಕಿ, ಖಾಸಗಿಯವನ್ನು ಅವರಿಗೆ ಹಿಂದಿರುಗಿಸಿ, ಶಾಲೆಯವನ್ನು ‘ಸಿಎಚ್‌ಓನ್’ ಆಜ್ಞೆಯಿಂದ ಮುಂದಿನವರ ವಶಕ್ಕೆ ಕೊಡತಕ್ಕದ್ದು. ಹೆಸರು ಅಳಿಸುವುದು ಅದರ ಅನಂತರ.

ವರ್ಗವಾದ ಉಪಾಧ್ಯಾಯರು ಚಾರ್ಜು ಒಪ್ಪಿಸಿಯೇ ಊರು ಬಿಡುವುದು ಹಿಂದಿನಿಂದ ಬಂದ ರೂಢಿ. ಬೀಗದ ಕೈಯನ್ನೂ ಹಾಜರಿ ಪುಸ್ತಕವನ್ನೂ ಎಣಿಸಿ ಕೊಡುವವರು ಖಾತೆಯ ಅಂಕೆಯನ್ನು ಮರೆಯುವುದು ತರವಲ್ಲ.