ಸುರುಳಿ ಸುತ್ತುವ ಹುಡುಗನಿಗೆ ವಿದ್ಯುತ್ ಪಾಠದಲ್ಲೇ ಉತ್ತರ ಕೊಡೋಣ

ನಮ್ಮ ಗಡಿ ಶಾಲೆಗಳಲ್ಲಿ ಬರೆಯದೆ ನಡೆದುಬಂದ ಒಂದು ಕಟ್ಟಳೆಯಿದೆ. ಕೆಟ್ಟದ್ದರ ಹೆಸರನ್ನು ತರಗತಿಯಲ್ಲಿ ಎತ್ತಬಾರದು, ಎತ್ತಿದರೆ ಗೊತ್ತಿಲ್ಲದ ಮಕ್ಕಳಿಗೂ ಗೊತ್ತಾಗುತ್ತದೆ! ವೇಪ್ ಎಂಬ ಇ-ಸಿಗರೇಟಿನ ವಿಷಯದಲ್ಲೂ ಸ್ಟಾಫ್ ರೂಮಿನಲ್ಲಿ ನಮಗೆ ಸಿಕ್ಕಿದ್ದು ಇದೇ ಬುದ್ಧಿವಾದ. "ಸುಮ್ಮನಿರಿ ಸಾರ್, ಬೆಳುಗುಪ್ಪಕ್ಕೆ ಅದೆಲ್ಲ ಎಲ್ಲಿ ಬರುತ್ತದೆ?" ಈ ಮಾತನ್ನು ನಾವು ಒಪ್ಪುವುದಿಲ್ಲ. ಏಕೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಬಳ್ಳಾರಿಗೂ ಬೆಂಗಳೂರಿಗೂ ದುಡಿಯಲು ಹೋದ ಹುಡುಗರು ಯುಗಾದಿಗೆ ಊರಿಗೆ ಬರುತ್ತಾರೆ. ಅವರ ಜೇಬಿನಲ್ಲಿ ಇದೂ ಬರುತ್ತದೆ. ಸೇದಿ ಬಿಸಾಕುವ ಬಣ್ಣದ ಕಡ್ಡಿ ಒಂದು ಬಗೆ. ಅದಕ್ಕಿಂತ ಹೆಚ್ಚು ಮರ್ಯಾದೆ ಇರುವುದು ಬಿಚ್ಚಿ ಕಟ್ಟುವ ಟ್ಯಾಂಕಿಗೆ. ಅದರಲ್ಲಿ ತಂತಿಯನ್ನು ಸ್ಕ್ರೂಡ್ರೈವರಿನ ಕಡ್ಡಿಗೆ ಸುತ್ತಿ ಸುರುಳಿ ಮಾಡುತ್ತಾರೆ, ಸುರುಳಿಯೊಳಗೆ ಹತ್ತಿಯ ಬತ್ತಿ ತೂರಿಸುತ್ತಾರೆ. ಬತ್ತಿ ದ್ರವವನ್ನು ಹೀರುತ್ತದೆ, ಬ್ಯಾಟರಿ ತಂತಿಯನ್ನು ಕಾಯಿಸುತ್ತದೆ, ದ್ರವ ಆವಿಯಾಗುತ್ತದೆ. ಅಣ್ಣ ಕೂತು ಸುತ್ತುತ್ತಿದ್ದರೆ ಹತ್ತನೆಯ ತರಗತಿಯ ತಮ್ಮ ಕಣ್ಣು ಮಿಟುಕಿಸದೆ ನೋಡುತ್ತಾನೆ. ಕೈಕೆಲಸ ಯಾರಿಗೆ ತಾನೆ ಇಷ್ಟವಿಲ್ಲ?

"ಬೀಡಿ ಅಲ್ಲ ಸಾರ್, ಹೊಗೇನೇ ಇಲ್ಲ. ತಂತಿ, ಹತ್ತಿ, ಆವಿ ಅಷ್ಟೇ" ಎಂದು ಒಬ್ಬ ಹುಡುಗ ನಮ್ಮೆದುರೇ ವಾದಿಸಿದ. ಗದರಿಸಿ ಬಾಯಿ ಮುಚ್ಚಿಸುವುದು ಸುಲಭ. ಆದರೆ ಅವನ ಮಾತಿಗೆ ಉತ್ತರ ಅವನ ಚೀಲದಲ್ಲಿರುವ ಭೌತಶಾಸ್ತ್ರ ಪುಸ್ತಕದಲ್ಲೇ ಇರುವಾಗ ಗದರುವುದೇಕೆ?

ಮೊದಲು ತಂತಿ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳ ಮಕ್ಕಳಿಗೆ ಇಸ್ತ್ರಿ ಪೆಟ್ಟಿಗೆ ಚೆನ್ನಾಗಿ ಗೊತ್ತು. 230 ವೋಲ್ಟಿನಲ್ಲಿ ಓಡುವ 1000 ವ್ಯಾಟಿನ ಪೆಟ್ಟಿಗೆ ಎಳೆಯುವ ವಿದ್ಯುತ್ತು ಸುಮಾರು 4.3 ಆಂಪಿಯರ್. ಈಗ ವೇಪಿನ ಲೆಕ್ಕ ನೋಡಿ. ಪೂರ್ತಿ ಚಾರ್ಜಾದ ಒಂದು ಲಿಥಿಯಂ ಸೆಲ್ಲಿನದು 4.2 ವೋಲ್ಟ್. ಸುರುಳಿಯ ರೋಧ 1 ಓಮ್ ಇದ್ದರೆ 4.2 ಆಂಪಿಯರ್. ಹೆಚ್ಚು ಆವಿ ಬರಲೆಂದು ರೋಧವನ್ನು 0.2 ಓಮಿಗೆ ಇಳಿಸಿದರೆ? 21 ಆಂಪಿಯರ್! ಹೆಬ್ಬೆರಳು ಗಾತ್ರದ ಸೆಲ್ಲಿನಿಂದ, ಇಸ್ತ್ರಿ ಪೆಟ್ಟಿಗೆ ಎಳೆಯುವುದರ ಐದರಷ್ಟು. ಹಳೆಯ ಲ್ಯಾಪ್‌ಟಾಪಿನಿಂದಲೋ ಪವರ್ ಬ್ಯಾಂಕಿನಿಂದಲೋ ಕಿತ್ತ ಸೆಲ್ ಇದನ್ನು ತಾಳುವುದೇ? ರಕ್ಷಣೆಯ ಸರ್ಕ್ಯೂಟೇ ಇಲ್ಲದ ಬರೀ ಲೋಹದ ಕೊಳವೆಗಳೂ ಇವೆ. ವೇಪ್ ಸಿಡಿದು 2018ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಒಬ್ಬರು, 2019ರಲ್ಲಿ ಟೆಕ್ಸಾಸಿನಲ್ಲಿ ಒಬ್ಬರು ಸತ್ತರು.

ಇನ್ನು ಬತ್ತಿ. ದೀಪದ ಬತ್ತಿ ನಮ್ಮ ಅಜ್ಜಿಯರಿಗೆ ಗೊತ್ತಿದ್ದಷ್ಟು ಈ ಹುಡುಗರಿಗೆ ಗೊತ್ತಿಲ್ಲ. ಎಣ್ಣೆ ಏರುತ್ತಿರುವ ತನಕ ಬತ್ತಿ ಉಳಿಯುತ್ತದೆ, ಎಣ್ಣೆ ತೀರಿದರೆ ಬತ್ತಿಯೇ ಉರಿಯುತ್ತದೆ. ಇಲ್ಲೂ ಅಷ್ಟೇ. ಹತ್ತಿಯನ್ನು ಬಿಗಿಯಾಗಿ ತುರುಕಿದರೆ ದ್ರವ ಹೊತ್ತಿಗೆ ಸರಿಯಾಗಿ ಏರುವುದಿಲ್ಲ, ಸುರುಳಿ ಮಾತ್ರ ಕಾಯುತ್ತಲೇ ಇರುತ್ತದೆ. ಆಗ ಹತ್ತಿ ಸೀಯುತ್ತದೆ. ದ್ರವದಲ್ಲಿರುವ ಗ್ಲಿಸರಿನ್ ಮಿತಿಮೀರಿ ಕಾದರೆ ಅಕ್ರೋಲಿನ್ ಹುಟ್ಟುತ್ತದೆ. ಬಜ್ಜಿ ಬಾಣಲೆಯ ಎಣ್ಣೆ ಸೀದಾಗ ಕಣ್ಣು ಗಂಟಲು ಉರಿಸುವ ಹೊಗೆಯಲ್ಲಿ ಇರುವುದೂ ಅದೇ. ಅದನ್ನು ಬೇಕೆಂದೇ ಎದೆಯೊಳಗೆ ಎಳೆದುಕೊಳ್ಳುವುದಕ್ಕೆ 'ಬರೀ ಆವಿ' ಎಂಬ ಹೆಸರು! ತಂತಿಯ ನಿಕಲ್, ಕ್ರೋಮಿಯಂ ಕೂಡ ಆವಿಯ ಜೊತೆ ಬರುವುದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ. ನಿಕೋಟಿನ್ ಅಂತೂ ಸರಿಯೇ ಸರಿ. ಇನ್ನೂ ಬೆಳೆಯುತ್ತಿರುವ ಮಿದುಳಿಗೆ ಅದು ಬೇಗ ಅಂಟಿಕೊಳ್ಳುತ್ತದೆ.

ಬ್ರಿಟನ್ನಿನಲ್ಲಿ ಸಿಗರೇಟು ಬಿಡಲು ವೈದ್ಯರೇ ವೇಪ್ ಸಲಹೆ ಮಾಡುತ್ತಾರಲ್ಲ ಎನ್ನುವವರಿದ್ದಾರೆ. ನಿಜ, ನಾವು ಅಲ್ಲಗಳೆಯುವುದಿಲ್ಲ. ಅದು ವರ್ಷಗಟ್ಟಲೆ ಸಿಗರೇಟು ಸೇದಿದ ದೊಡ್ಡವರಿಗೆ, ಅಲ್ಲಿನ ನಿಯಮದಂತೆ ಮಾರುವ ದ್ರವಕ್ಕೆ ಹೇಳಿದ ಮಾತು. ಬೀಡಿಯನ್ನೇ ಮುಟ್ಟದ ಹದಿನೈದರ ಹುಡುಗ ಯಾವುದನ್ನು ಬಿಡಲು ಇದನ್ನು ಹಿಡಿಯಬೇಕು?

"ಮಾರಿದರೆ ತಪ್ಪು, ನಾವೇ ಮಾಡಿಕೊಂಡರೆ ಏನು?" ಎಂಬ ವಕೀಲಿಯೂ ಕೇಳಿಬರುತ್ತದೆ. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು. ಇಡೀ ದೇಶಕ್ಕೆ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಬಂತು, ಅದೇ ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ಆ ಕಾಯ್ದೆಯಲ್ಲಿ ಉತ್ಪಾದನೆ ಎಂದರೆ ಇ-ಸಿಗರೇಟನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಮಾಡುವುದು, ಜೋಡಿಸುವುದು ಎಂದಿದೆ. ಸುರುಳಿ ಭಾಗವಲ್ಲದೆ ಮತ್ತೇನು? ನಿಕೋಟಿನ್ ಇಲ್ಲದ ದ್ರವ ಎಂದರೂ ಬಿಡುಗಡೆಯಿಲ್ಲ, ಇದ್ದರೂ ಇಲ್ಲದಿದ್ದರೂ ಒಂದೇ ಎಂದು ಬರೆದಿದೆ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮಕ್ಕಳನ್ನು ಹಿಡಿದು ಪೊಲೀಸರಿಗೆ ಕೊಡಿ ಎಂದು ನಾವು ಹೇಳುತ್ತಿಲ್ಲ. ತಂದುಕೊಟ್ಟ ಅಣ್ಣನಿಗೆ ಇದು ಗೊತ್ತಿರಲಿ.

ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು. ಪರೀಕ್ಷೆಯಲ್ಲಿ 'ರೋಧ ಎಂದರೇನು' ಎಂಬ ಪ್ರಶ್ನೆಗೆ ಖಾಲಿ ಬಿಟ್ಟ ಹುಡುಗ, ಹೊರಗೆ "ರೆಸಿಸ್ಟೆನ್ಸ್ ಪಾಯಿಂಟ್ ಟೂ" ಎಂದು ನಿರರ್ಗಳವಾಗಿ ಹೇಳುತ್ತಾನೆ! ಮೊಬೈಲಿನಲ್ಲಿ ತೆಲುಗು, ಹಿಂದಿ, ಇಂಗ್ಲಿಷಿನ ಯಾರೋ ಅವನಿಗೆ ಓಮ್‌ನ ನಿಯಮ ಕಲಿಸಿಬಿಟ್ಟಿದ್ದಾರೆ, ಅಪಾಯದ ಅರ್ಧವನ್ನು ಮುಚ್ಚಿಟ್ಟು. ನಾವು ಕನ್ನಡದಲ್ಲಿ ಸೂತ್ರ ಬಾಯಿಪಾಠ ಮಾಡಿಸಿ ಐದು ಅಂಕಕ್ಕೆ ನಿಲ್ಲಿಸಿದರೆ, ಕನ್ನಡದ ವಿಜ್ಞಾನ ಪರೀಕ್ಷೆಗೆ, ಬದುಕಿನ ವಿಜ್ಞಾನ ಬೇರೆ ಭಾಷೆಗೆ ಎಂದು ನಾವೇ ಒಪ್ಪಿಕೊಟ್ಟಂತೆ. ಆಮೇಲೆ ಕನ್ನಡ ಮಾಧ್ಯಮದಲ್ಲಿ ಮಕ್ಕಳೇ ಇಲ್ಲವೆಂದು ಯಾರ ಮುಂದೆ ಅಳುವುದು?

ಆದ್ದರಿಂದ ವಿದ್ಯುತ್ ಪಾಠದಲ್ಲಿ ಇಸ್ತ್ರಿ ಪೆಟ್ಟಿಗೆಯ ಲೆಕ್ಕದ ಕೆಳಗೆ ಈ ಲೆಕ್ಕವನ್ನೂ ಬೋರ್ಡಿನ ಮೇಲೆ ಹಾಕಿ. ವೇಪ್ ತಂದು ತೋರಿಸಬೇಕಿಲ್ಲ, ಸುತ್ತುವ ವಿಧಾನ ಹೇಳಬೇಕಿಲ್ಲ. 4.2ನ್ನು 0.2ರಿಂದ ಭಾಗಿಸಲು ಹೇಳಿ, ಉತ್ತರವನ್ನು ಮಕ್ಕಳೇ ಓದಲಿ. ಪೋಷಕರ ಸಭೆಯಲ್ಲಿ ಬಾಣಲೆಯ ಉದಾಹರಣೆ ಕೊಡಿ, ತಾಯಂದಿರಿಗೆ ತಟ್ಟನೆ ಅರ್ಥವಾಗುತ್ತದೆ. ಮಡಕಶಿರಾ, ರಾಯದುರ್ಗದ ಕಡೆಯ ಮೇಷ್ಟ್ರುಗಳಲ್ಲಿ ಈಗಾಗಲೇ ಹೀಗೆ ಪಾಠ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ. ಮಕ್ಕಳು ಏನು ಪ್ರಶ್ನೆ ಕೇಳಿದರು ಎಂಬುದು ನಮಗೆ ಬೇಕು.