ಚುಟುಕು ಲಿಂಕಿನ ದಲ್ಲಾಳಿಗಳು

'ಮೈಸೂರು' ಅಂತ ಬರೆಯೋಕೆ ಕನ್ನಡದಲ್ಲಿ ಮೂರೇ ಅಕ್ಷರ. ಕನ್ನಡ ವಿಕಿಪೀಡಿಯದ ಮೈಸೂರು ಪುಟದ ವಿಳಾಸವನ್ನು ಕ್ರೋಮ್‌ನಿಂದ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ, ಆ ಮೂರಕ್ಷರವೇ 54 ಚಿಹ್ನೆಗಳ ರಾಡಿಯಾಗಿ ಬಂದು ಬೀಳುತ್ತೆ. ಯೂನಿಕೋಡ್ ಲೆಕ್ಕದಲ್ಲಿ ಅದು ಆರು ತುಂಡು. ತುಂಡಿಗೆ ಮೂರು ಬೈಟ್, ಬೈಟಿಗೆ ಶೇಕಡಾ ಗುರುತು ಸೇರಿ ಮೂರು ಚಿಹ್ನೆ. ಇಂಗ್ಲಿಷಿನವರಿಗೆ ಆರು ಅಕ್ಷರದಲ್ಲಿ ಕೆಲಸ ಮುಗೀತು. ಹಾಗಾಗಿ ಲಿಂಕ್ ಚಿಕ್ಕದಾಗಲಿ ಅನ್ನೋ ಆಸೆ ನಮಗೆ ಜಾಸ್ತಿ ಇರೋದು ಸಹಜ.

ಆದರೆ ಟೈನಿಯುಆರ್‌ಎಲ್, ಬಿಟ್ಲಿಯಂಥವು ಲಿಂಕನ್ನು ಕುಗ್ಗಿಸೋದೇ ಇಲ್ಲ. ನಿಮ್ಮ ವಿಳಾಸವನ್ನು ತಮ್ಮ ಪಟ್ಟಿಯಲ್ಲಿ ಬರೆದಿಟ್ಟುಕೊಂಡು ಒಂದು ಟೋಕನ್ ಕೊಡುತ್ತವೆ, ಅಷ್ಟೇ. ಒತ್ತಿದವರು ಮೊದಲು ಹೋಗೋದು ಅವರ ಸರ್ವರ್‌ಗೆ. ಎಷ್ಟು ಹೊತ್ತಿಗೆ, ಯಾವ ಥರದ ಫೋನಿನಿಂದ, ಸುಮಾರು ಯಾವ ಊರಿಂದ ಬಂದರು ಅನ್ನೋದನ್ನ ಅಲ್ಲಿ ಬರೆದುಕೊಂಡು ಆಮೇಲೆ ಮುಂದಕ್ಕೆ ದಾಟಿಸಬಹುದು. ಈ ಲೆಕ್ಕವೇ ಅವರ ವ್ಯಾಪಾರ. ನಂಜನಗೂಡು ಬಸ್ಸು ದಲ್ಲಾಳಿ ಮನೆ ಮುಂದೆ ನಿಂತು ಹೋದ ಹಾಗೆ.

ದಲ್ಲಾಳಿ ಅಂಗಡಿ ಮುಚ್ಚಿದರೆ? ಗೂಗಲ್ 2009ರಲ್ಲಿ ಶುರು ಮಾಡಿದ ಗೂ.ಜಿಎಲ್ ಅನ್ನು 2019ರಲ್ಲಿ ಹೊಸ ಲಿಂಕುಗಳಿಗೆ ಮುಚ್ಚಿತು. ಹಳೆಯವೂ 2025ರ ಆಗಸ್ಟ್ 25ಕ್ಕೆ ಸಾಯುತ್ತವೆ ಅಂದಿತು. ಜನ ಗಲಾಟೆ ಮಾಡಿದ ಮೇಲೆ, ಬಳಕೆಯಲ್ಲಿರೋದನ್ನ ಉಳಿಸ್ತೀವಿ ಅಂತ ಮಾತು ಬದಲಿಸಿತು. ಬಳಕೆಯಲ್ಲಿಲ್ಲದ್ದು ಯಾವುದು? ವರ್ಷಕ್ಕೊಬ್ಬ ಓದುಗ ಎಡವಿ ಬೀಳುವ ಹಳೆಯ ಕನ್ನಡ ಬ್ಲಾಗಿನ ಕೆಳಗಿರೋ ಲಿಂಕು. ಕ್ಲಿಕ್ ಎಣಿಸಿ ಜೀವ ಉಳಿಸೋ ನ್ಯಾಯದಲ್ಲಿ ಚಿಕ್ಕ ಭಾಷೆಗಳೇ ಮೊದಲು ಸಾಯೋದು.

ಇದಕ್ಕಿಂತ ನನಗೆ ಸಿಟ್ಟು ಬರೋದು ನಮ್ಮ ಆಷಾಢಭೂತಿತನಕ್ಕೆ. ಊರಲ್ಲಿರೋ ಅಪ್ಪ ಅಮ್ಮನಿಗೆ "ಲಿಂಕ್ ಒತ್ತೋ ಮುಂಚೆ ವಿಳಾಸ ನೋಡಿ" ಅಂತ ಪಾಠ ಹೇಳ್ತೀವಿ. ಮರುದಿನ ಫ್ಯಾಮಿಲಿ ಗ್ರೂಪಿಗೆ ನಾವೇ ಮುಸುಕು ಹಾಕಿದ ಲಿಂಕ್ ಕಳಿಸ್ತೀವಿ. ನಮ್ಮದನ್ನು ಒತ್ತಿ ಒತ್ತಿ ಅಭ್ಯಾಸವಾದವರು ಕಳ್ಳನದ್ದನ್ನು ಹೇಗೆ ಬೇರ್ಪಡಿಸಬೇಕು? ಕಂಪನಿಗಳು ಎಸ್ಸೆಮ್ಮೆಸ್‌ನಲ್ಲಿ ಕಳಿಸೋ ಲಿಂಕು ಮೊದಲೇ ನೋಂದಣಿಯಾಗಿರಬೇಕು ಅಂತ ಟ್ರಾಯ್ 2024ರ ಅಕ್ಟೋಬರ್‌ನಿಂದ ನಿಯಮ ತಂದಿದೆ. ವಾಟ್ಸಾಪ್‌ಗೆ ಆ ಬೇಲಿಯೂ ಇಲ್ಲ.

ಸ್ವಂತ ಡೊಮೈನ್ ಇರೋ ಸಂಸ್ಥೆಗಳು ಅದರಲ್ಲೇ ಚಿಕ್ಕ ವಿಳಾಸ ಮಾಡಿಕೊಳ್ಳಲಿ, ಅದು ಅರ್ಧ ಗಂಟೆ ಕೆಲಸ. ವಿಕಿಪೀಡಿಯಕ್ಕಂತೂ ವಿಕಿಮೀಡಿಯಾದವರದ್ದೇ ಚುಟುಕು ಲಿಂಕ್ ವ್ಯವಸ್ಥೆ ಇದೆ, ತಮ್ಮ ಪುಟಗಳಿಗೆ ಮಾತ್ರ. ಅದೂ ಬೇಡ ಅಂದರೆ ಆ ಶೇಕಡಾ ರಾಡಿ ಅಳಿಸಿ, ಆ ಜಾಗದಲ್ಲಿ 'ಮೈಸೂರು' ಅಂತ ಕನ್ನಡದಲ್ಲೇ ಟೈಪ್ ಮಾಡಿ. ಬ್ರೌಸರಿಗೆ ಅರ್ಥ ಆಗುತ್ತೆ, ಅಮ್ಮನಿಗೂ.